ಕ್ಲಿನಿಕಲ್ ಟ್ರಯಲ್‌ಗೆ ಸಹಿ ಹಾಕುವ ಮುಂಚೆ, ಹಾಕಿದ ಮೇಲೆ: ರೋಗಿಗೂ ಮನೆಯವರಿಗೂ ಹಂತ ಹಂತದ ಮಾರ್ಗದರ್ಶಿ

ಮೆಡಿಕಲ್ ಕಾಲೇಜು ಆಸ್ಪತ್ರೆಯ ಓಪಿಡಿಯಲ್ಲಿ ಸರದಿಗೆ ಕಾಯುತ್ತಿರುವಾಗ ಡಾಕ್ಟರೋ ಟ್ರಯಲ್‌ನ ಕೆಲಸ ನೋಡಿಕೊಳ್ಳುವ ಕೋಆರ್ಡಿನೇಟರೋ ಬಂದು, "ನಿಮ್ಮ ಕಾಯಿಲೆಗೆ ಒಂದು ಟ್ರಯಲ್ ನಡೀತಾ ಇದೆ, ಸೇರ್ತೀರಾ?" ಎಂದು ಕೇಳುತ್ತಾರೆ. ಟ್ರಯಲ್ ಎಂದರೆ ಔಷಧವನ್ನೋ ಚಿಕಿತ್ಸೆಯನ್ನೋ ಜನರಲ್ಲಿ ಪರೀಕ್ಷಿಸಿ ನೋಡುವ ಸಂಶೋಧನೆ. ಆಮೇಲಿನದು ಹೆಚ್ಚುಕಮ್ಮಿ ಎಲ್ಲ ಕಡೆಯೂ ಒಂದೇ. ಹತ್ತು ಹದಿನೈದು ಪುಟಗಳ ಕಾಗದ ಕೈಗೆ ಬರುತ್ತದೆ. "ನೀವು ಹೇಳಿದ ಮೇಲೆ ಮುಗೀತು ಡಾಕ್ಟ್ರೇ" ಎಂದು ಕೊನೆಯ ಪುಟ ತಿರುವಿ ಸಹಿ ಹಾಕಿ ಕೊಟ್ಟುಬಿಡುತ್ತಾರೆ. ಆರು ತಿಂಗಳ ಮೇಲೆ ಏನಾದರೂ ತೊಂದರೆಯಾದರೆ ಮನೆಯಲ್ಲಿ ಆ ಕಾಗದದ ಪ್ರತಿ ಇರುವುದಿಲ್ಲ, ಯಾರಿಗೆ ಫೋನ್ ಮಾಡಬೇಕೆಂಬುದು ಗೊತ್ತಿರುವುದಿಲ್ಲ, ಖರ್ಚು ಯಾರದೆಂಬುದೂ ಗೊತ್ತಿರುವುದಿಲ್ಲ.

ಸಹಿ ಈ ದಾರಿಯ ಮೊದಲ ಹೆಜ್ಜೆಯಲ್ಲ, ಐದನೆಯದು. ಮೊದಲ ನಾಲ್ಕು ಹೆಜ್ಜೆಗಳಿಗೆ ಎರಡು ಮೂರು ದಿನ ಸಾಕು. ಅಷ್ಟು ದಿನ ಕಾಯಲಾಗದ ತುರ್ತು ಕಾಯಿಲೆಗಳೂ ಇವೆ. ಪಾರ್ಶ್ವವಾಯು ಬಡಿದವರನ್ನು ಗಂಟೆಯೊಳಗೆ ಟ್ರಯಲ್‌ಗೆ ಸೇರಿಸಬೇಕಾಗಬಹುದು. ಅಂಥ ಹೊತ್ತಿನಲ್ಲೂ ಮೂರನೆಯ ಮತ್ತು ಐದನೆಯ ಹಂತಗಳನ್ನು ಬಿಡಬೇಡಿ.

## ಕೈಯಲ್ಲಿ ಇರಬೇಕಾದದ್ದು

ಒಂದು ದಪ್ಪ ಫೈಲು, ಒಂದು ನೋಟ್‌ಬುಕ್ಕು, ಇಂಟರ್‌ನೆಟ್ ಇರುವ ಫೋನು. ಫೈಲಿನಲ್ಲಿ ಹಳೆಯ ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ರಿಪೋರ್ಟು, ಔಷಧಿ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಪಟ್ಟಿ ಇರಲಿ: ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ. ಆಯುರ್ವೇದದ ಕಷಾಯ, ನಾಟಿ ಔಷಧ, ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡ ನೋವಿನ ಮಾತ್ರೆ, ವಿಟಮಿನ್ ಟಾನಿಕ್ಕು, ಎಲ್ಲವೂ ಆ ಪಟ್ಟಿಗೆ ಸೇರಬೇಕು.

ಇನ್ನೊಂದು ಬೇಕಾದದ್ದು ಮನುಷ್ಯ. ಮಗನೋ ಸೊಸೆಯೋ ತಮ್ಮನೋ, ಯಾರಾದರೂ ಒಬ್ಬರು ಮೊದಲಿನಿಂದ ಕೊನೆಯವರೆಗೆ ಜೊತೆಗಿರಲಿ. ಭೇಟಿಗೊಬ್ಬರು ಬದಲಾದರೆ ಮಾಹಿತಿ ಕೈಬಿಟ್ಟುಹೋಗುತ್ತದೆ.

## ಹಂತ 1: ಇದು ಚಿಕಿತ್ಸೆಯೋ ಸಂಶೋಧನೆಯೋ, ಮೊದಲು ಕೇಳಿ

"ಹೊಸ ಔಷಧ ಬಂದಿದೆ, ಫ್ರೀ ಕೊಡ್ತೀವಿ" ಎಂಬ ಮಾತನ್ನು ಚಿಕಿತ್ಸೆಯೆಂದೇ ತಿಳಿಯುವುದು ಅತಿ ಸಾಮಾನ್ಯ ತಪ್ಪು. ಚಿಕಿತ್ಸೆಯಲ್ಲಿ ನಿಮಗೆ ಯಾವುದು ಒಳ್ಳೆಯದೆಂದು ನೋಡಿ ಡಾಕ್ಟರು ಔಷಧ ಬರೆಯುತ್ತಾರೆ. ಟ್ರಯಲ್‌ನಲ್ಲಿ ಒಂದು ಪ್ರಶ್ನೆಗೆ ಉತ್ತರ ಹುಡುಕುವುದು ಗುರಿ. ಯಾವ ಔಷಧ, ಎಷ್ಟು ಡೋಸು, ಯಾವ ದಿನ ರಕ್ತಪರೀಕ್ಷೆ ಎಂಬುದೆಲ್ಲ ಪ್ರೋಟೊಕಾಲ್ ಎಂಬ ಬರಹದಲ್ಲಿ ಮುಂಚೆಯೇ ನಿಗದಿಯಾಗಿರುತ್ತದೆ. ಅದೇ ಡಾಕ್ಟರು, ಅದೇ ವಾರ್ಡು, ಆದರೆ ಕೆಲಸ ಬೇರೆ.

ಕಾಲೇಜು ಆಸ್ಪತ್ರೆಯಲ್ಲಿ "ಸ್ಟಡಿ" ಎಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ಕೆಲಸ ನಡೆಯುತ್ತಿರುತ್ತದೆ. ನಿಮ್ಮದು ಯಾವುದೆಂದು ಕೇಳಿ ಬರೆದುಕೊಳ್ಳಿ.

ಒಂದು, ಪಿಜಿ ವಿದ್ಯಾರ್ಥಿಗಳ ಥೀಸಿಸ್. ಇದರಲ್ಲಿ ಹೆಚ್ಚಾಗಿ ಪ್ರಶ್ನೆ ಕೇಳುತ್ತಾರೆ, ರಿಪೋರ್ಟುಗಳ ವಿವರ ತೆಗೆದುಕೊಳ್ಳುತ್ತಾರೆ, ಕೆಲವೊಮ್ಮೆ ಸ್ವಲ್ಪ ರಕ್ತ ಹೆಚ್ಚು ತೆಗೆಯುತ್ತಾರೆ. ಅಪಾಯ ಕಡಿಮೆ. ಆದರೂ ಒಪ್ಪಿಗೆ ಬೇಕೇ ಬೇಕು.

ಎರಡು, ಅಕಾಡೆಮಿಕ್ ಟ್ರಯಲ್. ಈಗಾಗಲೇ ಮಾರುಕಟ್ಟೆಯಲ್ಲಿರುವ ಔಷಧವನ್ನು ಹೊಸ ಕಾಯಿಲೆಗೋ ಹೊಸ ಡೋಸಿನಲ್ಲೋ ಡಾಕ್ಟರುಗಳೇ ಪರೀಕ್ಷಿಸುವುದು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಫಲಿತಾಂಶವನ್ನು ಮಾರಾಟದ ಅನುಮತಿಗೆ ಬಳಸದಿದ್ದರೆ ಇದಕ್ಕೆ ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಬೇಕಾಗುವುದಿಲ್ಲ, ಸಂಶೋಧನೆಯಲ್ಲಿ ರೋಗಿಯ ಹಿತ ಕಾಯುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಾಕು. ಇದಕ್ಕೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ಮಾರ್ಗಸೂಚಿ ಅನ್ವಯಿಸುತ್ತದೆ. ಹಿಂದೆ ದೊಡ್ಡ ಕಂಪನಿ ಇರುವುದಿಲ್ಲವಾದ್ದರಿಂದ, ತೊಂದರೆಯಾದರೆ ಹಣ ಕೊಡುವವರು ಯಾರೆಂದು ಇಲ್ಲಿ ಎರಡು ಸಲ ಕೇಳಬೇಕು.

ಮೂರು, ಕಂಪನಿಯ ಟ್ರಯಲ್. ಹೊಸ ಔಷಧವನ್ನು ಮಾರುಕಟ್ಟೆಗೆ ತರಲು ನಡೆಯುವಂಥದ್ದು. ಎಥಿಕ್ಸ್ ಕಮಿಟಿ ಮತ್ತು ಔಷಧ ನಿಯಂತ್ರಕರು, ಇಬ್ಬರ ಅನುಮತಿಯೂ ಇರಬೇಕು. ಇಲ್ಲಿ "ಎಷ್ಟನೆಯ ಫೇಸ್?" ಎಂದು ಕೇಳಿ. ಫೇಸ್ 1 ಎಂದರೆ ಕೆಲವೇ ಜನರ ಮೇಲೆ ಸುರಕ್ಷತೆ ಮತ್ತು ಡೋಸು ನೋಡುವ ಹಂತ, ಔಷಧ ಕೆಲಸ ಮಾಡುತ್ತದೆಂಬ ಆಧಾರ ಇನ್ನೂ ತೆಳು. ಫೇಸ್ 2ರಲ್ಲಿ ರೋಗಿಗಳ ಸಣ್ಣ ಗುಂಪಿನ ಮೇಲೆ ಪರಿಣಾಮ ನೋಡುತ್ತಾರೆ. ಫೇಸ್ 3ರಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಜನರಲ್ಲಿ ಈಗಿನ ಚಿಕಿತ್ಸೆಯ ಜೊತೆ ಹೋಲಿಸುತ್ತಾರೆ. ಫೇಸ್ 4 ಮಾರಾಟಕ್ಕೆ ಬಂದ ಮೇಲಿನದು.

ಎಚ್ಚರಿಕೆಯ ಗುರುತು: "ಟ್ರಯಲ್" ಎನ್ನುತ್ತಲೇ ಪರೀಕ್ಷಿಸುವ ಔಷಧಕ್ಕೆ ನಿಮ್ಮಿಂದಲೇ ಹಣ ಕೇಳಿದರೆ ಅಲ್ಲಿಗೇ ನಿಲ್ಲಿ. ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಹೆಸರಿನಲ್ಲಿ ಇದು ಹೆಚ್ಚು ನಡೆಯುತ್ತದೆ. 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಕೆಲವು ರಕ್ತಸಂಬಂಧಿ ಕಾಯಿಲೆಗಳಂಥ ಒಪ್ಪಿತ ಬಳಕೆ ಬಿಟ್ಟರೆ ಸ್ಟೆಮ್ ಸೆಲ್ ಬಳಸುವುದೆಲ್ಲ ಸಂಶೋಧನೆಯೇ. ಅದು ಅನುಮತಿ ಪಡೆದ ಟ್ರಯಲ್‌ನಲ್ಲಿ ಮಾತ್ರ ನಡೆಯಬೇಕು.

## ಹಂತ 2: ರಿಜಿಸ್ಟ್ರಿಯಲ್ಲಿ ಹುಡುಕಿ ನೋಡಿ

ಭಾರತದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳನ್ನು ದಾಖಲಿಸುವ ಸಾರ್ವಜನಿಕ ರಿಜಿಸ್ಟ್ರಿ ಸಿಟಿಆರ್‌ಐ (CTRI). 2007ರ ಜುಲೈನಲ್ಲಿ ಆರಂಭವಾಯಿತು, 2009ರ ಜೂನ್ 15ರಿಂದ ನೋಂದಣಿ ಕಡ್ಡಾಯವಾಯಿತು. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ನೋಂದಣಿ ಆಗಿರಬೇಕು. ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ವಿವರಗಳು ಇಂಗ್ಲಿಷ್‌ನಲ್ಲಿವೆ, ಹಾಗಾಗಿ ಮನೆಯಲ್ಲಿ ಓದುವ ಮಕ್ಕಳ ಸಹಾಯ ತೆಗೆದುಕೊಳ್ಳಿ.

ಕೋಆರ್ಡಿನೇಟರ್ ಹತ್ತಿರ "ಸಿಟಿಆರ್‌ಐ ನಂಬರ್ ಕೊಡಿ" ಎಂದು ಕೇಳಿ. ಸಿಟಿಆರ್‌ಐ ಎಂಬ ಅಕ್ಷರಗಳ ಮುಂದೆ ವರ್ಷ, ತಿಂಗಳು, ಆಮೇಲೆ ಆರು ಅಂಕೆಗಳು, ನಡುವೆ ಓರೆಗೆರೆ. ಆ ನಂಬರು ಹಾಕಿ ಹುಡುಕಿದರೆ ಉದ್ದನೆಯ ದಾಖಲೆ ತೆರೆದುಕೊಳ್ಳುತ್ತದೆ. ಅದನ್ನೆಲ್ಲ ಓದಬೇಕಾಗಿಲ್ಲ. ಈ ಐದು ಜಾಗ ನೋಡಿ:

1. ಟ್ರಯಲ್ ನಡೆಯುವ ಆಸ್ಪತ್ರೆಗಳ ಪಟ್ಟಿಯಲ್ಲಿ ನಿಮ್ಮ ಆಸ್ಪತ್ರೆಯೂ ಅಲ್ಲಿನ ಮುಖ್ಯ ಸಂಶೋಧಕರ ಹೆಸರೂ ಇವೆಯೇ?
2. ಆ ಆಸ್ಪತ್ರೆಯ ಎಥಿಕ್ಸ್ ಕಮಿಟಿಯ ಎದುರು "ಒಪ್ಪಿದೆ" ಎಂದಿದೆಯೇ, "ಸಲ್ಲಿಸಲಾಗಿದೆ" ಎಂದಷ್ಟೇ ಇದೆಯೇ?
3. ಕಂಪನಿಯ ಟ್ರಯಲ್ ಆಗಿದ್ದರೆ ಔಷಧ ನಿಯಂತ್ರಕರ ಅನುಮತಿಯ ಸಾಲಿನಲ್ಲಿ ಏನಿದೆ?
4. ಯಾವ ಔಷಧವನ್ನು ಯಾವುದರ ಜೊತೆ ಹೋಲಿಸುತ್ತಿದ್ದಾರೆ? ಹುಸಿಮಾತ್ರೆ (ನೋಡಲು ಔಷಧದಂತಿದ್ದು ಒಳಗೆ ಔಷಧವಿಲ್ಲದ್ದು) ಇದೆಯೇ?
5. ಯಾರನ್ನು ಸೇರಿಸಿಕೊಳ್ಳುತ್ತಾರೆ, ಯಾರನ್ನು ಇಲ್ಲ? ನಿಮ್ಮ ವಯಸ್ಸು, ಕಿಡ್ನಿ, ಲಿವರ್, ಶುಗರ್ ವಿವರ ಅದಕ್ಕೆ ಹೊಂದುತ್ತದೆಯೇ?

ನಂಬರು ಸಿಕ್ಕಿತು, ಆದರೆ ನಿಮ್ಮ ಆಸ್ಪತ್ರೆಯ ಹೆಸರು ಪಟ್ಟಿಯಲ್ಲಿಲ್ಲ ಎಂದಿಟ್ಟುಕೊಳ್ಳಿ. ಹೊಸದಾಗಿ ಸೇರಿದ ಆಸ್ಪತ್ರೆಯ ಹೆಸರು ದಾಖಲೆಗೆ ಬರಲು ತಡವಾಗಿರಬಹುದು. ಅಂಥಾಗ ನಿಮ್ಮ ಆಸ್ಪತ್ರೆಯ ಎಥಿಕ್ಸ್ ಕಮಿಟಿಯ ಅನುಮತಿ ಪತ್ರ ತೋರಿಸಲು ಕೇಳಿ. ನಂಬರೇ ಕೊಡುವುದಿಲ್ಲ ಎಂದರೆ ಕಾಗದ ವಾಪಸು ಕೊಟ್ಟು ಬನ್ನಿ.

ಈ ಎಥಿಕ್ಸ್ ಕಮಿಟಿ ಡಾಕ್ಟರುಗಳ ಕೂಟವಲ್ಲ. ಕನಿಷ್ಠ ಏಳು ಸದಸ್ಯರಿರಬೇಕು. ಕಾನೂನು ಬಲ್ಲವರು, ಸಾಮಾನ್ಯ ಜನರ ಪರವಾಗಿ ಒಬ್ಬರು, ಒಬ್ಬ ಮಹಿಳೆಯಾದರೂ ಇರಬೇಕು. ಅರ್ಧದಷ್ಟು ಸದಸ್ಯರು, ಅಧ್ಯಕ್ಷರೂ ಸೇರಿ, ಆ ಸಂಸ್ಥೆಗೆ ಸೇರದವರಾಗಿರಬೇಕು. ರೋಗಿಯ ಪರವಾಗಿ ಟ್ರಯಲ್‌ಅನ್ನು ನಿಲ್ಲಿಸುವ ಅಧಿಕಾರ ಅವರಿಗಿದೆ. ಆದ್ದರಿಂದ ಮಾಹಿತಿ ಪತ್ರದಲ್ಲಿರುವ (ಟ್ರಯಲ್‌ನ ವಿವರ ಬರೆದು ನಿಮಗೆ ಕೊಡುವ ಕಾಗದದಲ್ಲಿರುವ) ಅವರ ಫೋನ್ ನಂಬರು ನಿಮ್ಮ ನೋಟ್‌ಬುಕ್ಕಿನಲ್ಲೂ ಇರಲಿ.

## ಹಂತ 3: ಮಾಹಿತಿ ಪತ್ರವನ್ನು ಈ ಕ್ರಮದಲ್ಲಿ ಓದಿ

ಮಾಹಿತಿ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದ ಪ್ರತಿ ಕೇಳಿ. ಉರ್ದು, ತೆಲುಗು, ಮರಾಠಿ ಓದುವವರಾದರೆ ಆ ಭಾಷೆಯಲ್ಲಿ ಕೇಳಿ. ಪುಟದ ಅಡಿಯಲ್ಲಿ ಆವೃತ್ತಿಯ ಸಂಖ್ಯೆ ಮತ್ತು ತಾರೀಖು ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಮನೆಗೆ ಒಯ್ದು ಓದಿ ಬರುತ್ತೇವೆಂದು ಹೇಳಲು ಸಂಕೋಚ ಬೇಡ. ಅದು ನಿಮ್ಮ ಹಕ್ಕು.

ಮೊದಲ ಪುಟದಿಂದ ಓದಲು ಕೂತವರು ಮೂರನೆಯ ಪುಟದಲ್ಲಿ ಸುಸ್ತಾಗುತ್ತಾರೆ. ಬದಲಿಗೆ ಹೀಗೆ ಓದಿ.

ಮೊದಲು ಗುಂಪುಗಳ ವಿವರ. ಬಹುತೇಕ ದೊಡ್ಡ ಟ್ರಯಲ್‌ಗಳಲ್ಲಿ ಯಾರಿಗೆ ಯಾವ ಔಷಧವೆಂಬುದನ್ನು ಕಂಪ್ಯೂಟರು ಚೀಟಿ ಎತ್ತಿದಂತೆ ತೀರ್ಮಾನಿಸುತ್ತದೆ. ಡಾಕ್ಟರು ಆರಿಸುವಂತಿಲ್ಲ, ನೀವೂ ಕೇಳಿ ಪಡೆಯುವಂತಿಲ್ಲ. ನಿಮಗೆ ಹೊಸ ಔಷಧ ಸಿಗುವ ಸಾಧ್ಯತೆ ಎರಡರಲ್ಲಿ ಒಂದೋ ಮೂರರಲ್ಲಿ ಒಂದೋ ಎಂಬುದು ಪತ್ರದಲ್ಲಿ ಬರೆದಿರಲೇಬೇಕು. ಹುಸಿಮಾತ್ರೆ, ಅಂದರೆ ಪ್ಲಸೀಬೊ, ಇದ್ದರೆ ಅದರಿಂದ ಚಿಕಿತ್ಸೆಯ ಪರಿಣಾಮ ಇರುವುದಿಲ್ಲವೆಂದೂ ಸ್ಪಷ್ಟವಾಗಿ ಬರೆದಿರಬೇಕು.

ಹೀಗೇಕೆ ಮಾಡುತ್ತಾರೆಂಬುದಕ್ಕೆ ನಮ್ಮ ಬೆಳಗಾವಿಯದೇ ಉದಾಹರಣೆ ಇದೆ. ಹೆರಿಗೆಯ ನಂತರದ ಅತಿ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಕೆಲಸಕ್ಕೆ ಬರುತ್ತದೆಯೇ ಎಂದು ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಜಿಲ್ಲೆಯ ಹಳ್ಳಿಗಳಲ್ಲಿ ಟ್ರಯಲ್ ನಡೆಸಿದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. 1620 ತಾಯಂದಿರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರೆ, ಉಳಿದವರಿಗೆ ಹುಸಿಮಾತ್ರೆ. ಹುಸಿಮಾತ್ರೆಯವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಮಾತ್ರೆ ನುಂಗಿದವರಲ್ಲಿ ಅದು 6.4ಕ್ಕೆ ಇಳಿಯಿತು. ಈ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ನೋಡಿ. ಹುಸಿಮಾತ್ರೆ ನುಂಗಿದ ನೂರರಲ್ಲಿ 88 ಮಂದಿಗೆ ಏನೂ ಆಗಲಿಲ್ಲ, ನಿಜವಾದ ಮಾತ್ರೆ ನುಂಗಿದರೂ ಆರು ಮಂದಿಗೆ ರಕ್ತಸ್ರಾವ ಆಯಿತು. ಎರಡು ಗುಂಪು ಮಾಡದೆ ಎಲ್ಲರಿಗೂ ಮಾತ್ರೆ ಕೊಟ್ಟಿದ್ದರೆ, ಚೆನ್ನಾಗಿದ್ದವರೆಲ್ಲ ಮಾತ್ರೆಯಿಂದಲೇ ಚೆನ್ನಾಗಿದ್ದಾರೆ ಎಂದು ತಿಳಿದುಬಿಡುತ್ತಿದ್ದೆವು. ಟ್ರಯಲ್ ಉತ್ತರ ಹೇಳುವುದು ಗುಂಪಿನ ಬಗ್ಗೆ. ನಿಮ್ಮೊಬ್ಬರಿಗೆ ಲಾಭವಾಗುತ್ತದೆಂಬ ಭರವಸೆಯನ್ನು ಯಾವ ಟ್ರಯಲ್ಲೂ ಕೊಡಲಾರದು.

ಆಮೇಲೆ, ಸೇರದಿದ್ದರೆ ಏನು ಚಿಕಿತ್ಸೆ. ನಿಮ್ಮ ಕಾಯಿಲೆಗೆ ಈಗಾಗಲೇ ಇರುವ ಚಿಕಿತ್ಸೆ ಯಾವುದು, ಟ್ರಯಲ್‌ಗೆ ಸೇರಿದರೆ ಅದು ನಿಂತುಹೋಗುತ್ತದೆಯೇ, ಮುಂದುವರಿಯುತ್ತದೆಯೇ? ಪತ್ರದ ಅತಿ ಮುಖ್ಯ ಭಾಗ ಇದು, ಜನ ಓದದೆ ಬಿಡುವುದೂ ಇದನ್ನೇ.

ಮೂರನೆಯದು ತೊಂದರೆಗಳ ಪಟ್ಟಿ. ಪಟ್ಟಿ ಉದ್ದವಾಗಿದೆ ಎಂದು ಹೆದರಬೇಡಿ, ಚಿಕ್ಕದಾಗಿದೆ ಎಂದು ನೆಮ್ಮದಿಯೂ ಬೇಡ. ಯಾವುದು ಪದೇ ಪದೇ ಆಗುತ್ತದೆ, ಯಾವುದು ಅಪರೂಪ ಆದರೆ ಜೀವಕ್ಕೆ ಅಪಾಯ, ಯಾವುದು ಔಷಧ ನಿಲ್ಲಿಸಿದರೂ ವಾಸಿಯಾಗದ್ದು ಎಂದು ಮೂರು ಬಣ್ಣದಲ್ಲಿ ಗುರುತು ಮಾಡಿ. ಮಗು ಬೇಕೆಂದಿರುವ ಗಂಡ ಹೆಂಡತಿ ಗರ್ಭದ ಬಗೆಗಿನ ಪ್ಯಾರಾವನ್ನು ಇಬ್ಬರೂ ಓದಬೇಕು. ಕೆಲವು ಟ್ರಯಲ್‌ಗಳಲ್ಲಿ ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಗರ್ಭ ತಡೆಯಬೇಕಾಗುತ್ತದೆ, ಆ ನಿಯಮ ಗಂಡಸರಿಗೂ ಇರಬಹುದು.

ಕೊನೆಗೆ ಓಡಾಟ ಮತ್ತು ಖರ್ಚು. ಒಟ್ಟು ಎಷ್ಟು ಭೇಟಿ, ಎಷ್ಟು ತಿಂಗಳು, ಯಾವ ಭೇಟಿಗೆ ಬರಿಹೊಟ್ಟೆಯಲ್ಲಿ ಬರಬೇಕು, ಒಂದು ಸಲಕ್ಕೆ ಎಷ್ಟು ಮಿಲಿಲೀಟರ್ ರಕ್ತ (5 ಮಿಲಿಲೀಟರ್ ಎಂದರೆ ಸುಮಾರು ಒಂದು ಟೀ ಚಮಚ). ಊರಿನಿಂದ ಬಸ್ಸಿಗೆ ಎಷ್ಟು, ಜೊತೆಗೆ ಬಂದವರ ಆ ದಿನದ ಕೂಲಿ ಎಷ್ಟು ಎಂದು ಲೆಕ್ಕ ಹಾಕಿ. ಪ್ರಯಾಣದ ಖರ್ಚು ಕೊಡುತ್ತಾರೆಂದರೆ ಎಷ್ಟು, ಯಾವಾಗ, ಟಿಕೆಟ್ ಇಟ್ಟುಕೊಳ್ಳಬೇಕೇ ಎಂದು ಬರೆದುಕೊಳ್ಳಿ. ಸುಗ್ಗಿಯ ಕಾಲದಲ್ಲಿ ವಾರಕ್ಕೊಮ್ಮೆ ಭೇಟಿ ಬಿದ್ದು ನಡುವೆಯೇ ಬಿಟ್ಟವರು ಎಷ್ಟೋ ಮಂದಿ. ಇದನ್ನು ಸಹಿಗೆ ಮುಂಚೆಯೇ ಯೋಚಿಸಬೇಕು.

## ಹಂತ 4: ಡಾಕ್ಟರ ಮುಂದೆ ಕೂತು ಕೇಳಬೇಕಾದದ್ದು

ಓದಿದ ಮೇಲೆ ಮತ್ತೆ ಹೋಗಿ. ಓಪಿಡಿ ಗದ್ದಲದಲ್ಲಿ ನಿಂತು ಕೇಳಬೇಡಿ, ಬೇರೆ ಸಮಯ ಕೇಳಿ ಪಡೆಯಿರಿ.

1. "ನಿಮ್ಮ ಟ್ರಯಲ್‌ಗೆ ಸೇರದಿದ್ದರೆ ನನಗೆ ಯಾವ ಚಿಕಿತ್ಸೆ ಕೊಡುತ್ತೀರಿ?"
2. "ಈ ಔಷಧವನ್ನು ಇದುವರೆಗೆ ಮನುಷ್ಯರಿಗೆ ಕೊಟ್ಟಿದ್ದಾರೆಯೇ? ಏನೇನು ತೊಂದರೆ ಕಂಡಿದೆ?"
3. "ಕಾಯಿಲೆ ಹೆಚ್ಚಾದರೆ ಯಾವ ಹಂತದಲ್ಲಿ ನನ್ನನ್ನು ಟ್ರಯಲ್‌ನಿಂದ ಹೊರಗೆ ತೆಗೆದು ಬೇರೆ ಚಿಕಿತ್ಸೆ ಶುರು ಮಾಡುತ್ತೀರಿ?"
4. "ಯಾವ ಪರೀಕ್ಷೆಗಳು ಟ್ರಯಲ್ ಲೆಕ್ಕದಲ್ಲಿ ಉಚಿತ, ಯಾವುದಕ್ಕೆ ನಾನು ಹಣ ಕಟ್ಟಬೇಕು? ನನ್ನ ಆಯುಷ್ಮಾನ್ ಕಾರ್ಡಿನ ಚಿಕಿತ್ಸೆಗೆ ತೊಡಕಾಗುತ್ತದೆಯೇ?"
5. "ರಾತ್ರಿ ಹೊತ್ತು ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ?"
6. "ನನ್ನ ರಕ್ತದ ಸ್ಯಾಂಪಲ್ ಎಲ್ಲಿಗೆ ಹೋಗುತ್ತದೆ, ಎಷ್ಟು ವರ್ಷ ಇಡುತ್ತಾರೆ?"

ಐದನೆಯ ಪ್ರಶ್ನೆಗೆ ಕೊಟ್ಟ ನಂಬರಿಗೆ ಆ ದಿನವೇ, ರಾತ್ರಿ ಎಂಟರ ಮೇಲೆ, ಒಮ್ಮೆ ಫೋನ್ ಮಾಡಿ ನೋಡಿ. ಎತ್ತದಿದ್ದರೆ ಮಾರನೆಯ ದಿನ ಬೇರೆ ನಂಬರು ಕೇಳಿ.

ಉತ್ತರ ಅರ್ಥವಾಯಿತೇ ಎಂದು ತಿಳಿಯಲು ಸುಲಭದ ದಾರಿ: ನೀವು ತಿಳಿದುಕೊಂಡದ್ದನ್ನು ನಿಮ್ಮ ಮಾತಿನಲ್ಲಿ ಡಾಕ್ಟರಿಗೇ ಒಪ್ಪಿಸಿ. "ಅಂದ್ರೆ ಡಾಕ್ಟ್ರೇ, ನನಗೆ ಹೊಸದು ಸಿಗಬಹುದು, ಸಿಗದೆಯೂ ಇರಬಹುದು, ಯಾವುದು ಅಂತ ನಿಮಗೂ ಗೊತ್ತಿರಲ್ಲ, ಹೌದಾ?" ತಪ್ಪಿದ್ದರೆ ಅಲ್ಲಿಯೇ ತಿದ್ದುತ್ತಾರೆ.

ಎಚ್ಚರಿಕೆಯ ಗುರುತುಗಳು: "ಸೈಡ್ ಎಫೆಕ್ಟ್ ಏನೂ ಇಲ್ಲ", "ಇವತ್ತೇ ಸಹಿ ಮಾಡದಿದ್ರೆ ಸೀಟು ಹೋಗುತ್ತೆ", "ಸೇರದಿದ್ರೆ ನಮ್ಮಲ್ಲಿ ಚಿಕಿತ್ಸೆ ಕಷ್ಟ". ಮೂರನೆಯ ಮಾತಂತೂ ನೇರವಾಗಿ ನಿಯಮಕ್ಕೆ ವಿರುದ್ಧ. ಸೇರದಿದ್ದರೂ ನಡುವೆ ಬಿಟ್ಟರೂ ನಿಮಗೆ ಸಲ್ಲಬೇಕಾದ ಚಿಕಿತ್ಸೆಗೆ ಅಡ್ಡಿ ಮಾಡುವಂತಿಲ್ಲ.

## ಹಂತ 5: ಸಹಿಯ ದಿನ

ಒಪ್ಪಿಗೆ ಪತ್ರದಲ್ಲಿ ಹೆಸರು, ವಯಸ್ಸು, ವಿಳಾಸ, ಓದು, ಕೆಲಸ, ವರ್ಷದ ಆದಾಯ ಮತ್ತು ನಾಮಿನಿಯ ಹೆಸರು ವಿಳಾಸ ಕೇಳುವ ಜಾಗಗಳಿರುತ್ತವೆ. ನಾಮಿನಿಯ ಜಾಗ ಖಾಲಿ ಬಿಡಬೇಡಿ. ಟ್ರಯಲ್‌ನಿಂದಾಗಿ ಸಾವು ಸಂಭವಿಸಿದರೆ ಪರಿಹಾರ ಹೋಗುವುದು ಆ ಹೆಸರಿಗೆ. ಮುಂದೆ ಕೆಲವು ವಾಕ್ಯಗಳಿದ್ದು, ಪ್ರತಿಯೊಂದರ ಪಕ್ಕದಲ್ಲಿ ಚೌಕ ಇರುತ್ತದೆ. ಮಾಹಿತಿ ಪತ್ರ ಓದಿದ್ದೇನೆ, ನನ್ನಿಷ್ಟದಿಂದ ಸೇರುತ್ತಿದ್ದೇನೆ, ಯಾವಾಗ ಬೇಕಾದರೂ ಬಿಡಬಹುದು, ನನ್ನ ದಾಖಲೆಗಳನ್ನು ಸಂಬಂಧಪಟ್ಟವರು ನೋಡಬಹುದು ಆದರೆ ನನ್ನ ಗುರುತು ಹೊರಬೀಳಬಾರದು, ಹೀಗೆ. ಒಂದೊಂದನ್ನೂ ಓದಿ, ಓದಿದ ಮೇಲೆ ಆ ಚೌಕದಲ್ಲಿ ಗುರುತು ಹಾಕಿ. ಎಲ್ಲ ಚೌಕಗಳನ್ನೂ ಒಂದೇ ಉಸಿರಿನಲ್ಲಿ ತುಂಬಬೇಡಿ.

ತಾರೀಖನ್ನು ನೀವೇ ನಿಮ್ಮ ಕೈಯಿಂದ ಬರೆಯಿರಿ. ಹಿಂದಿನ ತಾರೀಖು ಹಾಕಲು ಹೇಳಿದರೆ ಒಪ್ಪಬೇಡಿ.

ಓದು ಬರಹ ಬಾರದವರಿಗೆ ಹೆಬ್ಬೆಟ್ಟು ನಡೆಯುತ್ತದೆ. ಆದರೆ ಆಗ ನಿಷ್ಪಕ್ಷಪಾತ ಸಾಕ್ಷಿ ಬೇಕು, ಅಂದರೆ ಟ್ರಯಲ್‌ಗೆ ಸಂಬಂಧವಿಲ್ಲದ, ಓದಲು ಬರುವ ವ್ಯಕ್ತಿ. ವಿವರಣೆ ಶುರುವಾದಾಗಿನಿಂದ ಮುಗಿಯುವವರೆಗೆ ಅವರು ಅಲ್ಲಿಯೇ ಕೂತಿರಬೇಕು. ಎಲ್ಲ ಮುಗಿದ ಮೇಲೆ ಪಕ್ಕದ ವಾರ್ಡಿನಿಂದ ಯಾರನ್ನೋ ಕರೆದು ಸಾಕ್ಷಿ ಸಹಿ ಹಾಕಿಸುವುದು ತಪ್ಪು.

ಮಕ್ಕಳ ಟ್ರಯಲ್ ಆದರೆ ತಂದೆತಾಯಿಯ ಒಪ್ಪಿಗೆ ಬೇಕು. ಐಸಿಎಂಆರ್ ಮಾರ್ಗಸೂಚಿಯಂತೆ 7 ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು, 12 ದಾಟಿದವರಾದರೆ ಅದು ಬರಹದಲ್ಲಿರಬೇಕು. ಮಗು ಬೇಡವೆಂದು ತಲೆಯಾಡಿಸಿದರೆ ಅದಕ್ಕೂ ಬೆಲೆಯಿದೆ.

ಹಿಂದೆಂದೂ ಬಳಕೆಯಲ್ಲಿಲ್ಲದ ಹೊಸ ರಾಸಾಯನಿಕದ ಟ್ರಯಲ್‌ಗೆ ಒತ್ತಡಕ್ಕೆ ಸುಲಭವಾಗಿ ಒಳಗಾಗಬಹುದಾದವರನ್ನು ಸೇರಿಸುವಾಗ ವಿವರಣೆ ಮತ್ತು ಒಪ್ಪಿಗೆಯ ವಿಡಿಯೊ ಚಿತ್ರೀಕರಣ ಕಡ್ಡಾಯ. ಎಚ್‌ಐವಿ ಮತ್ತು ಕುಷ್ಠರೋಗದ ಔಷಧಗಳ ಟ್ರಯಲ್‌ನಲ್ಲಿ ಮಾತ್ರ ಧ್ವನಿಮುದ್ರಣ ಸಾಕು. ಕ್ಯಾಮೆರಾ ಇಟ್ಟರೆಂದು ಗಾಬರಿಯಾಗಬೇಡಿ, ಅದು ನಿಮ್ಮ ರಕ್ಷಣೆಗೆ.

ಏಳುವ ಮುಂಚೆ ಒಂದು ಕೆಲಸ ಬಾಕಿ. ಮಾಹಿತಿ ಪತ್ರ ಮತ್ತು ಡಾಕ್ಟರು ಸಹಿ ಹಾಕಿದ ಒಪ್ಪಿಗೆ ಪತ್ರ, ಎರಡರ ಪ್ರತಿಯನ್ನೂ ಪಡೆದು ಫೈಲಿಗೆ ಹಾಕಿ. "ಆಮೇಲೆ ಕೊಡ್ತೀವಿ" ಎಂದರೆ ಅಲ್ಲಿಯೇ ಕಾಯಿರಿ. ಕೊಡುವುದು ಅವರ ಮೇಲಿರುವ ಕಾನೂನಿನ ಹೊಣೆ. ಪ್ರತಿ ಪುಟದ ಫೋಟೊ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿ.

## ಹಂತ 6: ಸ್ಕ್ರೀನಿಂಗ್

ಟ್ರಯಲ್‌ಗಾಗಿ ಮಾಡುವ ಪರೀಕ್ಷೆಗಳು ಸಹಿಯಾದ ಮೇಲೆಯೇ ಶುರುವಾಗಬೇಕು. ಸಹಿ ಹಾಕಿದವರೆಲ್ಲ ಟ್ರಯಲ್‌ಗೆ ಆಯ್ಕೆಯಾಗುವುದಿಲ್ಲ. ರಕ್ತ, ಇಸಿಜಿ, ಕಿಡ್ನಿ, ಲಿವರ್ ಪರೀಕ್ಷೆಗಳಲ್ಲಿ ಒಂದು ಅಂಕೆ ಮಿತಿ ದಾಟಿದರೂ ಹೊರಗಿಡುತ್ತಾರೆ. ಅದು ನಿಮ್ಮ ಒಳ್ಳೆಯದಕ್ಕೇ. ಆ ರಿಪೋರ್ಟುಗಳ ಪ್ರತಿ ಕೇಳಿ ಪಡೆಯಿರಿ.

ಇಲ್ಲಿ ಆಗುವ ದೊಡ್ಡ ತಪ್ಪು ಮುಚ್ಚಿಡುವುದು. "ಹೇಳಿದರೆ ಸೇರಿಸಿಕೊಳ್ಳಲ್ಲ" ಎಂದು ಕುಡಿತ, ಹಳೆಯ ಕಾಮಾಲೆ, ನಾಟಿ ಔಷಧ, ಬೇರೊಂದು ಟ್ರಯಲ್‌ನಲ್ಲಿರುವುದು, ಇವನ್ನೆಲ್ಲ ಬಚ್ಚಿಡುತ್ತಾರೆ. ಲಿವರ್ ಮೇಲೆ ಭಾರ ಹಾಕುವ ಎರಡು ಔಷಧಗಳು ಒಟ್ಟಿಗೆ ಹೊಟ್ಟೆಗೆ ಹೋದರೆ ಮೊದಲು ಪೆಟ್ಟು ಬೀಳುವುದು ನಿಮಗೆ. ಕಣ್ಣು ಹಳದಿಯಾದಾಗ ಕಾರಣ ಯಾವುದೆಂದು ಡಾಕ್ಟರಿಗೂ ತಿಳಿಯದೆ ಸಮಯ ಹಾಳಾಗುತ್ತದೆ.

ಎರಡನೆಯ ತಪ್ಪು ಬಿಪಿ, ಶುಗರ್, ಫಿಟ್ಸ್ ಮಾತ್ರೆಗಳನ್ನು ಟ್ರಯಲ್ ಶುರುವಾಯಿತೆಂದು ತಾವೇ ನಿಲ್ಲಿಸುವುದು. ಯಾವುದನ್ನು ನಿಲ್ಲಿಸಬೇಕು, ಎಂದಿನಿಂದ, ಹೇಗೆ ಕಡಿಮೆ ಮಾಡಬೇಕು ಎಂಬುದನ್ನು ಟ್ರಯಲ್ ಡಾಕ್ಟರಿಂದ ಬರಹದಲ್ಲಿ ಪಡೆಯಿರಿ. ಫಿಟ್ಸ್ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು.

## ಹಂತ 7: ಔಷಧ ಮನೆಗೆ ಬಂದ ಮೇಲೆ

ಡಬ್ಬಿಯನ್ನು ಬೇರೆ ಔಷಧಗಳ ಜೊತೆ ಬೆರೆಸದೆ ಪ್ರತ್ಯೇಕ ಇಡಿ. ಫ್ರಿಜ್ಜಿನಲ್ಲಿಡಬೇಕಾದದ್ದಾದರೆ ಫ್ರೀಜರಿನಲ್ಲಿ ಇಡಬೇಡಿ, ಬಾಗಿಲಿನ ಅರೆಯಲ್ಲೂ ಬೇಡ. ಒಳಗಿನ ನಡು ಅರೆ ಸರಿ. ಕರೆಂಟು ಗಂಟೆಗಟ್ಟಲೆ ಹೋದರೆ ಕೋಆರ್ಡಿನೇಟರ್‌ಗೆ ಫೋನ್ ಮಾಡಿ, ಅವರು ಹೇಳುವವರೆಗೆ ಆ ಔಷಧ ಬಳಸಬೇಡಿ.

ಡೈರಿ ಕೊಟ್ಟಿದ್ದರೆ ಮಾತ್ರೆ ನುಂಗಿದ ಕೂಡಲೇ ಸಮಯ ಬರೆಯಿರಿ. ಭೇಟಿಯ ಹಿಂದಿನ ರಾತ್ರಿ ಕೂತು ತಿಂಗಳ ಡೈರಿಯನ್ನು ಒಟ್ಟಿಗೆ ತುಂಬುವುದು ಎಲ್ಲ ಕಡೆ ನಡೆಯುವ ತಪ್ಪು. ಮರೆತಿದ್ದರೆ ಮರೆತೆನೆಂದೇ ಬರೆಯಿರಿ. ಸುಳ್ಳು ಬರೆದ ಡೈರಿಯಿಂದ ಔಷಧದ ಡೋಸನ್ನೇ ತಪ್ಪಾಗಿ ತೀರ್ಮಾನಿಸುವ ಅಪಾಯವಿದೆ, ಮುಂದೆ ಆ ಔಷಧ ನುಂಗುವವರಿಗೆ ಅದರ ಫಲ. ಒಂದು ಹೊತ್ತು ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡು ನುಂಗಬೇಡಿ, ಫೋನ್ ಮಾಡಿ ಕೇಳಿ.

ಖಾಲಿ ಸ್ಟ್ರಿಪ್ಪು, ಖಾಲಿ ಬಾಟಲು, ಉಳಿದ ಮಾತ್ರೆ ಏನನ್ನೂ ಎಸೆಯಬೇಡಿ. ಎಲ್ಲವನ್ನೂ ಮುಂದಿನ ಭೇಟಿಗೆ ವಾಪಸು ಒಯ್ಯಬೇಕು, ಅಲ್ಲಿ ಎಣಿಸುತ್ತಾರೆ. ಅದೇ ಕಾಯಿಲೆಯ ಪಕ್ಕದ ಮನೆಯವರಿಗೆ ಎರಡು ಮಾತ್ರೆ ಕೊಡುವುದಂತೂ ಬೇಡವೇ ಬೇಡ.

ಭೇಟಿಯ ದಿನಕ್ಕೆ ಹಿಂದೆ ಮುಂದೆ ಕೆಲವು ದಿನಗಳ ಅವಕಾಶವಿರುತ್ತದೆ. ಮದುವೆಯೋ ಜಾತ್ರೆಯೋ ಇದ್ದರೆ ವಾರ ಮುಂಚೆಯೇ ತಿಳಿಸಿ, ಆ ಅವಕಾಶದೊಳಗೆ ದಿನ ಬದಲಿಸಿಕೊಡುತ್ತಾರೆ.

ಟ್ರಯಲ್ ಕಾರ್ಡು ಕೊಟ್ಟಿದ್ದರೆ ಅದು ಸದಾ ಜೇಬಿನಲ್ಲಿರಲಿ. ಕೊಟ್ಟಿರದಿದ್ದರೆ ಒಂದು ಚೀಟಿಯಲ್ಲಿ ಟ್ರಯಲ್ ಹೆಸರು, ಸಿಟಿಆರ್‌ಐ ನಂಬರು, ಡಾಕ್ಟರ ಫೋನು ಬರೆದು ಆಧಾರ್ ಕಾರ್ಡಿನ ಜೊತೆ ಇಡಿ.

ನಡುವೆ ಹೊಸ ಮಾಹಿತಿ ಬಂದು ಮತ್ತೊಮ್ಮೆ ಸಹಿ ಕೇಳಬಹುದು. ಆಗ ಆವೃತ್ತಿಯ ಸಂಖ್ಯೆಯನ್ನು ಹಳೆಯದರ ಜೊತೆ ಹೋಲಿಸಿ, "ಏನು ಬದಲಾಗಿದೆ?" ಎಂದು ಕೇಳಿ, ಮತ್ತೆ ಪ್ರತಿ ಪಡೆಯಿರಿ. ಹೊಸ ಸೈಡ್ ಎಫೆಕ್ಟ್ ಕಂಡುಬಂದದ್ದೇ ಇದಕ್ಕೆ ಕಾರಣವಾಗಿರಬಹುದು.

## ಹಂತ 8: ತೊಂದರೆಯಾದರೆ

ಉಸಿರಾಟ ಕಷ್ಟ, ಮುಖ ಅಥವಾ ತುಟಿ ಊದುವುದು, ಎದೆನೋವು, ಪ್ರಜ್ಞೆ ತಪ್ಪುವುದು, ರಕ್ತ ಬೀಳುವುದು, ಕಣ್ಣು ಹಳದಿಯಾಗುವುದು, ಮೈತುಂಬ ಗುಳ್ಳೆ: ಇಂಥವು ಕಂಡರೆ ಟ್ರಯಲ್ ಆಸ್ಪತ್ರೆಯೇ ಆಗಬೇಕೆಂದು ಹಟ ಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಿ. ಕಾರ್ಡು ತೋರಿಸಿ, ದಾರಿಯಲ್ಲೇ ಟ್ರಯಲ್ ಡಾಕ್ಟರಿಗೆ ಫೋನ್ ಮಾಡಿ. ನಿಮಗೆ ಕೊಟ್ಟದ್ದು ಔಷಧವೋ ಹುಸಿಮಾತ್ರೆಯೋ ಎಂಬ ಗುಟ್ಟನ್ನು ತುರ್ತಿನಲ್ಲಿ ಬಿಚ್ಚಲು ವ್ಯವಸ್ಥೆ ಇರುತ್ತದೆ, ಚಿಕಿತ್ಸೆಗೆ ಅದು ಬೇಕೆಂದರೆ ಆ ಆಸ್ಪತ್ರೆಯವರು ಕೇಳಬಹುದು.

ಆಸ್ಪತ್ರೆಗೆ ಸೇರುವಂಥ ಗಂಭೀರ ತೊಂದರೆಯಾದರೆ ಮುಖ್ಯ ಸಂಶೋಧಕರು 24 ಗಂಟೆಯೊಳಗೆ ಔಷಧ ನಿಯಂತ್ರಕರಿಗೆ, ಕಂಪನಿಗೆ, ಎಥಿಕ್ಸ್ ಕಮಿಟಿಗೆ ವರದಿ ಮಾಡಬೇಕು. ನೀವು ಹೇಳದಿದ್ದರೆ ಅವರಿಗೆ ತಿಳಿಯುವುದಿಲ್ಲ. ಫೋನ್ ಮಾಡಿದ ಮೇಲೆ ವಾಟ್ಸಾಪ್ ಸಂದೇಶವನ್ನೂ ಹಾಕಿ, ಸಮಯದ ದಾಖಲೆ ಉಳಿಯುತ್ತದೆ. "ಇದು ಕಾಯಿಲೆಯದ್ದೇ ಇರಬೇಕು" ಎಂದು ನೀವೇ ತೀರ್ಪು ಕೊಟ್ಟುಕೊಂಡು ಸುಮ್ಮನಿರಬೇಡಿ.

ಖರ್ಚಿನ ವಿಷಯ ಹೀಗಿದೆ. ಟ್ರಯಲ್‌ನಲ್ಲಿರುವಾಗ ಹಾನಿಯಾದರೆ ಅಗತ್ಯವಿರುವಷ್ಟು ಕಾಲ ಉಚಿತ ಚಿಕಿತ್ಸೆ ಕೊಡಬೇಕು, ಅಥವಾ ಹಾನಿಗೆ ಟ್ರಯಲ್ ಕಾರಣವಲ್ಲವೆಂದು ಸ್ಥಾಪಿತವಾಗುವವರೆಗೆ ಕೊಡಬೇಕು, ಯಾವುದು ಮೊದಲೋ ಅದು. ಟ್ರಯಲ್ಲೇ ಕಾರಣವೆಂದಾದರೆ ಚಿಕಿತ್ಸೆಯ ಮೇಲೆ ಹಣದ ಪರಿಹಾರವೂ ಇದೆ. ಔಷಧದ ದುಷ್ಪರಿಣಾಮ ಮಾತ್ರವಲ್ಲ, ಟ್ರಯಲ್‌ಗಾಗಿ ಮಾಡಿದ ಪರೀಕ್ಷೆಯಿಂದಾದ ಹಾನಿ, ಪ್ರೋಟೊಕಾಲ್ ಮೀರಿದ್ದರಿಂದಾದ ಹಾನಿ, ಲಭ್ಯವಿದ್ದ ಚಿಕಿತ್ಸೆಯನ್ನು ಕೊಡದೆ ಹುಸಿಮಾತ್ರೆ ಕೊಟ್ಟದ್ದರಿಂದಾದ ಹಾನಿ, ಹೊಟ್ಟೆಯಲ್ಲಿರುವ ಮಗುವಿಗಾದ ಹಾನಿ ಕೂಡ ಇದರಲ್ಲಿ ಸೇರುತ್ತವೆ.

ಸಾವಿನ ಪರಿಹಾರಕ್ಕೆ ಸೂತ್ರವಿದೆ. ಮೂಲ ಮೊತ್ತ 8 ಲಕ್ಷ ರೂಪಾಯಿ. ಅದನ್ನು ವಯಸ್ಸಿನ ಅಂಶದಿಂದ ಗುಣಿಸಿ, ಸೇರುವಾಗ ಕಾಯಿಲೆ ಎಷ್ಟು ತೀವ್ರವಾಗಿತ್ತೆಂಬುದರ ಅಂಶದಿಂದ (0.5ರಿಂದ 4ರವರೆಗೆ) ಗುಣಿಸಿ, 99.37ರಿಂದ ಭಾಗಿಸಬೇಕು. 65 ದಾಟಿದವರ ವಯಸ್ಸಿನ ಅಂಶ 99.37 ಆಗಿರುವುದರಿಂದ ಅವರ ಲೆಕ್ಕ ಸುಲಭ: ಮಧ್ಯಮ ಅಪಾಯದ ರೋಗಿಗೆ ತೀವ್ರತೆಯ ಅಂಶ 2, ಆದ್ದರಿಂದ 16 ಲಕ್ಷ. ಆರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆ ಇಲ್ಲದ ರೋಗಿಗೆ 0.5, ಅಂದರೆ 4 ಲಕ್ಷ. ವಯಸ್ಸು ಕಡಿಮೆಯಾದಷ್ಟೂ ಮೊತ್ತ ಹೆಚ್ಚು. 30 ದಿನದೊಳಗೆ ಸಾಯುವ ಸಂಭವ ನೂರಕ್ಕೆ 90 ಅಥವಾ ಹೆಚ್ಚು ಇರುವವರಿಗೆ ಮಾತ್ರ ನಿಗದಿತ 2 ಲಕ್ಷ. ಶಾಶ್ವತ ಅಂಗವೈಕಲ್ಯ ಪೂರ್ತಿಯಾಗಿದ್ದರೆ ಸಾವಿನ ಮೊತ್ತದ ನೂರಕ್ಕೆ 90, ಅಂಗವೈಕಲ್ಯ ಕಡಿಮೆಯಿದ್ದರೆ ಆ ಪ್ರಮಾಣಕ್ಕೆ ತಕ್ಕಂತೆ.

ಗಡುವುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. 14 ದಿನದೊಳಗೆ ಸಂಶೋಧಕರು ಮತ್ತು ಕಂಪನಿ ವಿವರವಾದ ವರದಿ ಕೊಡಬೇಕು, 30 ದಿನದೊಳಗೆ ಎಥಿಕ್ಸ್ ಕಮಿಟಿಯ ಅಭಿಪ್ರಾಯ, 90 ದಿನದೊಳಗೆ ಔಷಧ ನಿಯಂತ್ರಕರ ಆದೇಶ, ಆದೇಶ ಬಂದ 30 ದಿನದೊಳಗೆ ಹಣ. ನಿಮ್ಮ ಕಡೆಯಿಂದ ಬೇಕಾಗುವುದು ಬಿಲ್ಲುಗಳು, ಡಿಸ್ಚಾರ್ಜ್ ಸಮ್ಮರಿ, ಒಪ್ಪಿಗೆ ಪತ್ರದ ಪ್ರತಿ. ಐದನೆಯ ಹಂತದಲ್ಲಿ ಆ ಪ್ರತಿಗಾಗಿ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಟ್ರಯಲ್ ಡಾಕ್ಟರು ಸ್ಪಂದಿಸದಿದ್ದರೆ ಎಥಿಕ್ಸ್ ಕಮಿಟಿಯ ಸದಸ್ಯ ಕಾರ್ಯದರ್ಶಿಗೆ ಕನ್ನಡದಲ್ಲೇ ಒಂದು ಪುಟದ ಪತ್ರ ಬರೆಯಿರಿ: ಟ್ರಯಲ್ ಹೆಸರು, ಸಿಟಿಆರ್‌ಐ ನಂಬರು, ಸೇರಿದ ತಾರೀಖು, ಏನಾಯಿತು, ಯಾರಿಗೆ ಯಾವಾಗ ತಿಳಿಸಿದಿರಿ, ಏನು ಬೇಕು. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಅಲ್ಲಿಯೂ ಆಗದಿದ್ದರೆ ಮುಂದಿನ ಬಾಗಿಲು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ, ಬೆಂಗಳೂರಿನಲ್ಲೂ ಅದರ ಕಚೇರಿಯಿದೆ.

## ಹಂತ 9: ಬಿಡುವುದು, ಮುಗಿಯುವುದು

ಯಾವ ದಿನ ಬೇಕಾದರೂ ಕಾರಣ ಹೇಳದೆ ಬಿಡಬಹುದು. ಆದರೆ ಫೋನ್ ಎತ್ತದೆ, ಭೇಟಿಗೆ ಹೋಗದೆ ಮಾಯವಾಗುವುದು ನಿಮಗೇ ಅಪಾಯ. ಕೆಲವು ಔಷಧಗಳನ್ನು ಹಂತ ಹಂತವಾಗಿ ಇಳಿಸಬೇಕು, ಕೆಲವಕ್ಕೆ ನಿಲ್ಲಿಸಿದ ಮೇಲೂ ಲಿವರ್ ಪರೀಕ್ಷೆ ಬೇಕು. "ಬಿಡುತ್ತಿದ್ದೇನೆ" ಎಂದು ಹೇಳಿ, ಸುರಕ್ಷತೆಗಾಗಿ ಒಂದು ಕೊನೆಯ ತಪಾಸಣೆ ಮಾಡಿಸಿಕೊಳ್ಳಿ, ಉಳಿದ ಔಷಧ ವಾಪಸು ಕೊಡಿ. ಮುಂದೆ ಬೇರೆ ಡಾಕ್ಟರಿಗೆ ತೋರಿಸಲು ಟ್ರಯಲ್‌ನಲ್ಲಿದ್ದ ಅವಧಿಯ ಸಾರಾಂಶ ಬರೆಸಿಕೊಳ್ಳಿ. ಅಲ್ಲಿಯವರೆಗೆ ಸಂಗ್ರಹಿಸಿದ ಮಾಹಿತಿ ಮತ್ತು ಸ್ಯಾಂಪಲ್ ಏನಾಗುತ್ತದೆಂದು ಮಾಹಿತಿ ಪತ್ರದಲ್ಲಿ ನೋಡಿ.

ಟ್ರಯಲ್ ಪೂರ್ತಿ ಮುಗಿಸಿದವರಿಗೆ ಬೇರೊಂದು ಪ್ರಶ್ನೆ ಎದುರಾಗುತ್ತದೆ: ಔಷಧದಿಂದ ಗುಣ ಕಂಡಿತ್ತು, ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಮುಂದೇನು? ಆ ಕಾಯಿಲೆಗೆ ಬೇರೆ ಚಿಕಿತ್ಸೆ ಇಲ್ಲದಿದ್ದು, ಔಷಧದಿಂದ ನಿಮಗೆ ಪ್ರಯೋಜನವಾಗಿದ್ದು, ಸಂಶೋಧಕರು ಶಿಫಾರಸು ಮಾಡಿ ಎಥಿಕ್ಸ್ ಕಮಿಟಿ ಒಪ್ಪಿದರೆ ಕಂಪನಿ ಆ ಔಷಧವನ್ನು ಉಚಿತವಾಗಿ ಮುಂದುವರಿಸಬೇಕೆಂದು 2019ರ ನಿಯಮ ಹೇಳುತ್ತದೆ. ಅದಕ್ಕಾಗಿ ನೀವು ಲಿಖಿತ ಒಪ್ಪಿಗೆ ಕೊಡಬೇಕು, ಆ ಅವಧಿಯಲ್ಲಿ ಆಗುವ ತೊಂದರೆಗೆ ಕಂಪನಿ ಹೊಣೆಯಾಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಈ ಕಾಗದಪತ್ರ ತಾನಾಗಿಯೇ ಓಡುವುದಿಲ್ಲ. ಕೊನೆಯ ಭೇಟಿಗೆ ಎರಡು ತಿಂಗಳ ಮುಂಚೆಯೇ ಡಾಕ್ಟರನ್ನು ಕೇಳಿ ಶುರು ಮಾಡಿಸಿ, ಇಲ್ಲವಾದರೆ ಔಷಧ ಮುಗಿದ ದಿನಕ್ಕೂ ಅನುಮತಿ ಬಂದ ದಿನಕ್ಕೂ ನಡುವೆ ಅಂತರ ಬೀಳುತ್ತದೆ.

ನಿಮಗೆ ಕೊಟ್ಟದ್ದು ಯಾವ ಔಷಧವೆಂಬುದು ಎಲ್ಲ ಆಸ್ಪತ್ರೆಗಳಲ್ಲೂ ಟ್ರಯಲ್ ಮುಗಿದು ಲೆಕ್ಕ ಬಿಚ್ಚಿದ ಮೇಲಷ್ಟೇ ತಿಳಿಯುತ್ತದೆ. ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಕೊನೆಯ ಭೇಟಿಯಲ್ಲಿ ಕೋಆರ್ಡಿನೇಟರ್ ಹತ್ತಿರ ಬದಲಾಗದ ಒಂದು ಫೋನ್ ನಂಬರು ಬಿಟ್ಟು, "ಗೊತ್ತಾದಾಗ ತಿಳಿಸಿ" ಎಂದು ಬರೆಸಿ ಬನ್ನಿ. ಫೈಲನ್ನು ರದ್ದಿಗೆ ಹಾಕಬೇಡಿ.